ಶೀಟಿನ ಇನ್ನೊಂದು ತುದಿ

ಜನವರಿ 8, ಸೋಮವಾರ

ಇದು ಶಾಲೆಗೆ ಸಲ್ಲಿಸುವ ದಿನಚರಿಯಲ್ಲ. ಅದು ಬೇರೆ ಇದೆ, ನೀಲಿ ರಟ್ಟಿನದು. ಅದರಲ್ಲಿ ಕಲಿತದ್ದೇನು, ಎಷ್ಟು ನಿಮಿಷ, ಸಂದೇಹವೇನು ಎಂದು ದಿನಕ್ಕೆ ಮೂರು ಸಾಲು ಬರೆದರೆ ಮುಗಿಯಿತು. ಇದು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ರಿಜಿಸ್ಟರ್. ಇದರಲ್ಲಿ ನನಗೆ ತೋಚಿದ್ದು ಬರೆಯುತ್ತೇನೆ, ಕೇಳುವವರು ಯಾರೂ ಇಲ್ಲ.

ಇವತ್ತು ನಾನು ಶಾಲೆಗೆ ಸೇರಿದೆ. ನಲವತ್ತಾರನೇ ವಯಸ್ಸಿನಲ್ಲಿ, ಹತ್ತನೇ ತರಗತಿಗೆ!

ಆಸೆಯಿಂದಲ್ಲ. ನಮ್ಮ ಲಾಂಡ್ರಿ ಉಸ್ತುವಾರಿ ದೊಡ್ಡಣ್ಣ ಜೂನ್ ಕೊನೆಗೆ ನಿವೃತ್ತರಾಗುತ್ತಾರೆ. ಹನ್ನೊಂದು ವರ್ಷದಿಂದ ಅವರ ಕೆಲಸವನ್ನೆಲ್ಲ ಮಾಡುತ್ತಿರುವವಳು ನಾನು, ಅವರು ಮಾಡುವುದು ಸಹಿ ಮಾತ್ರ. ಆದರೆ ಆ ಸಹಿ ಹಾಕಲು ಹತ್ತನೇ ತರಗತಿ ಪಾಸಾಗಿರಬೇಕಂತೆ. ಪಾಸಾಗದಿದ್ದರೆ ಹೊರಗಿನಿಂದ ಯಾರನ್ನೋ ತಂದು ಕೂರಿಸುತ್ತಾರೆ, ಅವರಿಗೂ ನಾನೇ ಕೆಲಸ ಕಲಿಸಬೇಕು. ಅದನ್ನು ನೆನೆದರೇ ಮೈಯೆಲ್ಲ ಉರಿಯುತ್ತದೆ.

ಸರ್ಕಾರಿ ಶಾಲೆಯಲ್ಲಿ 'ಸ್ವತಂತ್ರ ಅಧ್ಯಯನ' ಅಂತ ಒಂದು ವಿಭಾಗವಿದೆ. ತರಗತಿಯಲ್ಲಿ ಕೂರಬೇಕಾಗಿಲ್ಲ. ಒಂದು ಟ್ಯಾಬ್ ಕೊಡುತ್ತಾರೆ, ಪಾಠ ಅದರಲ್ಲೇ. ವಾರಕ್ಕೊಮ್ಮೆ ಮೇಲ್ವಿಚಾರಕ ಶಿಕ್ಷಕಿಗೆ ಪರದೆಯಲ್ಲಿ ಮುಖ ತೋರಿಸಬೇಕು. ಕೂತರೆ ಹಾಜರಿಯಿಲ್ಲ, ಕೊಟ್ಟ ಕೆಲಸ ಮಾಡಿ ಕಳಿಸಿದರೆ ಹಾಜರಿ. ಲಾಂಡ್ರಿಯಲ್ಲಿ ಈ ನಿಯಮ ಬಂದರೆ ಅರ್ಧ ಜನಕ್ಕೆ ಗೈರುಹಾಜರಿ ಬೀಳುತ್ತದೆ. ಇನ್ನೊಂದು ನಿಯಮವೂ ಇದೆ: ಮೂರು ಕೆಲಸ ತಪ್ಪಿದರೆ ಸಭೆ ಕರೆಯುತ್ತಾರೆ, ಸಭೆಗೆ ಒಪ್ಪಿಗೆಯಾಗದಿದ್ದರೆ ಹೆಸರು ತೆಗೆಯುತ್ತಾರೆ, ತೆಗೆದರೆ ಎರಡು ವರ್ಷ ಮತ್ತೆ ಸೇರುವಂತಿಲ್ಲ.

ಎಲ್ಲ ಸರಿಯಾಗೇ ನಡೆಯುತ್ತಿತ್ತು, ಅರ್ಜಿಯಲ್ಲಿ 'ಪೋಷಕರು' ಎಂಬ ಕಾಲಂ ಬರುವವರೆಗೆ.

"ಇದನ್ನ ಖಾಲಿ ಬಿಡಿ," ಅಂದೆ.

"ಬಿಟ್ರೆ ಮುಂದಕ್ಕೆ ಹೋಗಲ್ಲ ಮೇಡಂ. ಕೆಂಪು ನಕ್ಷತ್ರ ಇದೆ ನೋಡಿ," ಅಂದಳು ಶಾಲೆಯ ಗುಮಾಸ್ತೆ.

"ನನಗೆ ನಲವತ್ತಾರು ಕಣಮ್ಮ."

"ಅದು ನನಗೆ ಕಾಣ್ಸುತ್ತೆ. ಕಂಪ್ಯೂಟರ್‌ಗೆ ಕಾಣ್ಸಲ್ಲ."

ಒತ್ತಲು ಇದ್ದದ್ದು ಮೂರೇ: ತಂದೆ, ತಾಯಿ, ಕಾನೂನುಬದ್ಧ ಪೋಷಕರು. ಅಪ್ಪ ಇಲ್ಲ. ಮದುವೆ ಅಂತ ಒಂದು ಆಗಿತ್ತು, ಅದಕ್ಕೆ ಈ ಅರ್ಜಿಯಲ್ಲಿ ಕಾಲಂ ಇಲ್ಲ, ಒಳ್ಳೆಯದೇ ಆಯಿತು. ಉಳಿದವಳು ಅಮ್ಮ.

ಹದಿಮೂರನೇ ವಯಸ್ಸಿನಲ್ಲಿ ನನ್ನನ್ನು ಶಾಲೆ ಬಿಡಿಸಿದವಳು ಇದೇ ಅಮ್ಮ. ಆಗ ಅವಳು ಒಂದು ವಸತಿಗೃಹದಲ್ಲಿ ಶೀಟು ಒಗೆದು ಮಡಚುತ್ತಿದ್ದಳು. ಜೊತೆಗಾರ್ತಿ ಹೇಳದೆ ಕೇಳದೆ ಕೆಲಸ ಬಿಟ್ಟಳು. ದೊಡ್ಡ ಶೀಟನ್ನು ಒಬ್ಬರೇ ಮಡಚಲಾಗುವುದಿಲ್ಲ, ಇನ್ನೊಂದು ತುದಿ ಹಿಡಿಯಲು ಕೈ ಬೇಕಿತ್ತು, ನನ್ನ ಕೈ ಹತ್ತಿರವಿತ್ತು. ಅದಾಗಿ ಮೂವತ್ತಮೂರು ವರ್ಷ. ಅವಳು ಆ ಮಾತನ್ನು ಒಂದು ದಿನವೂ ಎತ್ತಿದವಳಲ್ಲ. ಈಗ ಅವಳೇ ನನ್ನ ವಿದ್ಯಾಭ್ಯಾಸದ ಪೋಷಕಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಮಾಸ್ತೆ ಎದುರಿಗಿದ್ದಳಲ್ಲ, ನಕ್ಕೆ.

ಜನವರಿ 10, ಬುಧವಾರ

ಒಪ್ಪಂದ ಪತ್ರ ಹದಿನಾಲ್ಕು ಪುಟ ಇದೆ. ನಾನು ಕೊನೆಯ ಪುಟ ತಿರುವಿ ಸಹಿ ಹಾಕಿದೆ. ಅಮ್ಮ ಹಾಗಲ್ಲ. ಭೂತಗನ್ನಡಿ ಹಿಡಿದು ನಿನ್ನೆಯಿಂದ ಓದುತ್ತಿದ್ದಾಳೆ, ಅಕ್ಷರಕ್ಕೆ ಅಕ್ಷರ, ಬೆರಳಿಟ್ಟುಕೊಂಡು. ಅವಳು ಓದಿದ್ದು ನಾಲ್ಕನೇ ತರಗತಿ. ಅದಕ್ಕೇ ಇರಬೇಕು, ಅಚ್ಚಾದದ್ದೆಲ್ಲ ಸತ್ಯ ಎಂದು ನಂಬುತ್ತಾಳೆ.

"ಇಲ್ಲಿ ನೋಡು, ಪುಟ ಒಂಬತ್ತು. 'ಪೋಷಕರು ಅಧ್ಯಯನಕ್ಕೆ ಅಗತ್ಯ ಬೆಂಬಲ ನೀಡತಕ್ಕದ್ದು.' ತಕ್ಕದ್ದು ಅಂತ ಬರ್ದಿದ್ದಾರೆ."

"ಸುಮ್ನೆ ಬರ್ದಿರ್ತಾರಮ್ಮ. ಸಹಿ ಹಾಕು."

"ಸುಮ್ನೆ ಯಾಕೆ ಬರೀತಾರೆ? ಇನ್ನೂ ಐದು ಪುಟ ಇದೆ, ಇರು."

ಸಹಿ ಸಿಕ್ಕಾಗ ಬೆಳಗಿನ ಕಾಫಿ ಆರಿ ತಣ್ಣಗಾಗಿತ್ತು.

ಜನವರಿ 16, ಮಂಗಳವಾರ

ಮಾನ ಹೋಯಿತು. ನಿನ್ನೆ ಒಂದು ಪಾಠ ತೆರೆಯಲು ಮರೆತಿದ್ದೆ. ಇವತ್ತು ಅಮ್ಮನ ಫೋನಿಗೆ ಸಂದೇಶ ಬಂದಿದೆ: 'ಪ್ರಿಯ ಪೋಷಕರೇ, ನಿಮ್ಮ ಮಗು ನಿನ್ನೆ ಪಾಠಕ್ಕೆ ಹಾಜರಾಗಿಲ್ಲ.' ಅಮ್ಮ ನೇರವಾಗಿ ಲಾಂಡ್ರಿಯ ಫೋನಿಗೆ ಕರೆ ಮಾಡಿದ್ದಾಳೆ. ಎತ್ತಿದ್ದು ದೊಡ್ಡಣ್ಣ. ಅವರು ಮೂವತ್ತು ಜನರ ಎದುರಿಗೆ, ಯಂತ್ರಗಳ ಸದ್ದಿಗೂ ಮೇಲೆ ಕೂಗಿದರು: "ಏನಮ್ಮಾ, ಪಾಠಕ್ಕೆ ಚಕ್ಕರ್ ಹೊಡೆದ್ಯಂತೆ! ಮನೇಲಿ ಅಮ್ಮ ಕಾಯ್ತಿದ್ದಾರೆ!"

ಇಸ್ತ್ರಿ ವಿಭಾಗದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮನೆಗೆ ಬಂದರೆ ಟಿವಿಯ ರಿಮೋಟ್ ಮಾಯವಾಗಿತ್ತು. ಪಾಠ ಮುಗಿಸಿದ ಮೇಲೆ ಅದು ಅಕ್ಕಿ ಡಬ್ಬಿಯಿಂದ ಹೊರಗೆ ಬಂತು. ನನ್ನ ಮನೆಯಲ್ಲಿ, ನನ್ನ ಟಿವಿಗೆ, ನಾನು ಅಪ್ಪಣೆ ಕೇಳಬೇಕಂತೆ.

ಜನವರಿ 19, ಶುಕ್ರವಾರ

ಮೇಲ್ವಿಚಾರಕ ಶಿಕ್ಷಕಿಯ ಜೊತೆ ಮೊದಲ ಭೇಟಿ. ಇಪ್ಪತ್ತೇಳು ವರ್ಷದ ಹುಡುಗಿ, ದೊಡ್ಡ ಕನ್ನಡಕ, ಎರಡು ಮಾತಿಗೊಮ್ಮೆ ನೀರು ಕುಡಿಯುತ್ತಾಳೆ. ವಯಸ್ಸಿಗೆ ನನ್ನ ಮಗಳಾಗಬಹುದು, ಆದರೂ ಮೇಡಂ ಮೇಡಂ ಎನ್ನುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಟ್ಯಾಬಿನ ಮೂಲೆಯಲ್ಲಿ ಹಸಿರು ಚುಕ್ಕೆ ಹತ್ತಿದರೆ ಮಾತ್ರ ಭೇಟಿ ಲೆಕ್ಕಕ್ಕೆ ಬರುತ್ತದಂತೆ. ನಾನು ಲಾಂಡ್ರಿಯ ಉಗ್ರಾಣದಲ್ಲಿ ನಿಂತಿದ್ದೆ, ಹಿಂದೆ ಸೂರಿನವರೆಗೆ ಬಿಳಿ ಶೀಟಿನ ಕಟ್ಟುಗಳು.

"ಹಿನ್ನೆಲೆ ಚಿತ್ರ ಚೆನ್ನಾಗಿದೆ. ಮೋಡಾನಾ?" ಅಂದರು ಮೇಡಂ.

"ಶೀಟು ಮೇಡಂ. ನಾನೂರ ಎಂಬತ್ತಿದೆ."

ಮೇಡಂ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಅಮ್ಮ ಇವತ್ತು ಬುತ್ತಿ ಕೊಡುವ ನೆಪದಲ್ಲಿ ಬಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದಳು. ಗಣಿತ ಕಷ್ಟವೇ ಎಂದು ಮೇಡಂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅವಳು, "ಭಿನ್ನರಾಶಿ ಬರಲ್ಲ ಇವಳಿಗೆ. ಏಳನೇ ಕ್ಲಾಸಿಂದ್ಲೂ ಬರಲ್ಲ," ಅಂದಳು.

ಅದು ಅವಳಿಗೆ ಹೇಗೆ ನೆನಪಿದೆಯೋ ಗೊತ್ತಿಲ್ಲ.

ಫೆಬ್ರವರಿ 3, ಶನಿವಾರ

ಕುಣಿಯಬೇಕು ಅನ್ನಿಸುತ್ತಿದೆ. ಕುಣಿದೆ ಕೂಡ, ಸ್ವಲ್ಪ.

ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ಇದು ನನಗೆ ಏಳನೇ ತರಗತಿಯಲ್ಲಿ ಗಂಟಲಿಗೆ ಸಿಕ್ಕಿಕೊಂಡ ಲೆಕ್ಕ. ಗುಣಿಸಿದರೆ ಹೆಚ್ಚಾಗಬೇಕು ತಾನೇ? ಕಡಿಮೆ ಹೇಗಾಗುತ್ತದೆ? ಆಗ ಮೇಷ್ಟರನ್ನು ಕೇಳಿದ್ದೆ, ಅವರು ಬೆಂಚಿನ ಮೇಲೆ ನಿಲ್ಲಿಸಿದರು. ಅಲ್ಲಿಂದ ಕಿಟಕಿಯಾಚೆ ಚೆನ್ನಾಗಿ ಕಾಣುತ್ತಿತ್ತು, ಲೆಕ್ಕ ಮಾತ್ರ ಕಾಣಲಿಲ್ಲ.

ಈ ವಾರದ ಕೆಲಸ: 'ಭಿನ್ನರಾಶಿಗಳ ಗುಣಾಕಾರವನ್ನು ನಿಮ್ಮ ಸುತ್ತಲಿನ ವಸ್ತುವಿನಿಂದ ತೋರಿಸಿ, ಚಿತ್ರ ತೆಗೆದು ಕಳಿಸಿ.' ಇವತ್ತು ಮನೆಯಲ್ಲಿ ಮಂಚದ ಶೀಟು ಒಣಗಿತ್ತು. ಅಮ್ಮ ಒಂದು ತುದಿ, ನಾನು ಒಂದು ತುದಿ. ಒಂದು ಸಲ ಮಡಚಿದೆವು, ಅರ್ಧ. ಅವಳು ನಡೆದು ಬಂದು ಮೂಲೆ ನನ್ನ ಕೈಗಿತ್ತಳು, ನಾನು ಮಡಿಕೆ ಹಿಡಿದೆ, ಅವಳು ಮತ್ತೆ ಹಿಂದಕ್ಕೆ ಹೋದಳು. ಅರ್ಧದ ಅರ್ಧ, ಕಾಲು. ಅಲ್ಲೇ ನಿಂತುಬಿಟ್ಟೆ.

ಗುಣಿಸುವುದೆಂದರೆ 'ದ' ಹಚ್ಚುವುದು! ಅರ್ಧದ ಅರ್ಧ! ಮೂವತ್ತಮೂರು ವರ್ಷದಿಂದ ದಿನಕ್ಕೆ ಇನ್ನೂರು ಸಲ ನಾನು ಭಿನ್ನರಾಶಿ ಗುಣಿಸುತ್ತಿದ್ದೇನೆ, ಒಂದು ಸಲವೂ ನನಗೆ ತಿಳಿದಿರಲಿಲ್ಲ!

"ಅಮ್ಮಾ, ಮಡಚು! ಇನ್ನೊಂದ್ಸಲ! ಎಂಟನೇ ಒಂದು!"

"ಕೂಗ್ಬೇಡ, ಪಕ್ಕದ ಮನೆಯವರು ಏನೋ ಆಯ್ತು ಅಂದ್ಕೋತಾರೆ."

"ಹದಿನಾರನೇ ಒಂದು! ಮೂವತ್ತೆರಡನೇ ಒಂದು!"

ಐದು ಮಡಿಕೆ, ಮೂವತ್ತೆರಡು ಪದರ. ಬಿಚ್ಚಿ ಮತ್ತೆ ಮಡಚಿದೆವು. ಏಳು ಚಿತ್ರ ತೆಗೆದು ಕಳಿಸಿದೆ. ಟ್ಯಾಬಿನಲ್ಲಿ 'ಸಲ್ಲಿಸಲಾಗಿದೆ' ಎಂದು ಬಂತು.

ಫೆಬ್ರವರಿ 5, ಸೋಮವಾರ

ಲಾಂಡ್ರಿಯಲ್ಲಿ ಎಲ್ಲರಿಗೂ ಭಿನ್ನರಾಶಿ ಕಲಿಸಿದೆ. ದೊಡ್ಡಣ್ಣ, "ಇನ್ನು ಶೀಟು ಮಡಚೋಕೂ ಪಾಸಾಗಿರ್ಬೇಕು ಅಂತಾರೆ, ಸುಮ್ನಿರು," ಅಂದರು.

ಫೆಬ್ರವರಿ 11, ಭಾನುವಾರ

ಸಮಾಜ ವಿಜ್ಞಾನದ ಕೆಲಸ: ಮನೆಯ ಹಿರಿಯರೊಬ್ಬರನ್ನು ಸಂದರ್ಶಿಸಿ. ಹತ್ತು ಪ್ರಶ್ನೆಗಳನ್ನು ಅವರೇ ಕೊಟ್ಟಿದ್ದಾರೆ. ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು, ತಲೆ ಬಾಚಿ ಬಂದು ಕೂತಳು. ಪರದೆಯಲ್ಲಿ ಕಾಣಿಸುವುದಿಲ್ಲ, ಬರೆದುಕೊಳ್ಳುವುದಷ್ಟೇ ಎಂದರೂ ಕೇಳಲಿಲ್ಲ.

ಒಂಬತ್ತು ಪ್ರಶ್ನೆ ಸರಾಗವಾಗಿ ಹೋಯಿತು. ಎಷ್ಟು ಮಾತಾಡುತ್ತಾಳೆ! ಮೊದಲು ನೋಡಿದ ಸೇತುವೆ, ಮೊದಲು ಮಾತಾಡಿದ ಫೋನು, ಅದರಲ್ಲಿ ಯಾರೂ ಇಲ್ಲದಿದ್ದರೂ ನಮಸ್ಕಾರ ಹೇಳಿದ್ದು. ನನ್ನ ಬೆರಳು ನೋಯಿತು. ಹತ್ತನೆಯದು: 'ನಿಮ್ಮ ಬದುಕಿನಲ್ಲಿ ನೀವು ಬದಲಿಸಲು ಬಯಸುವ ಒಂದು ನಿರ್ಧಾರ ಯಾವುದು?'

ಓದಿ ತಲೆಯೆತ್ತಿದೆ. ಅಮ್ಮ ಎದ್ದು ಹೋಗಿ ಕಿಟಕಿಯ ಕುಂಡಕ್ಕೆ ನೀರು ಹಾಕುತ್ತಿದ್ದಳು. ಬೆಳಗ್ಗೆಯಷ್ಟೇ ಹಾಕಿದ್ದ ಕುಂಡ, ನೀರು ನೆಲಕ್ಕೆ ಹರಿಯಿತು.

"ಒಂಬತ್ತಕ್ಕೇ ನಿಲ್ಲಿಸು," ಅಂದಳು.

"ಹತ್ತು ಕೇಳಿದ್ದಾರಮ್ಮ."

"ಒಂಬತ್ತಕ್ಕೆ ಎಷ್ಟು ಕೊಡ್ತಾರೋ ಅಷ್ಟು ಕೊಡ್ಲಿ."

ನನಗೂ ರೇಗಿತು. ಅವಳು ಬದಲಿಸಲು ಬಯಸುವ ನಿರ್ಧಾರ ಯಾವುದೂ ಇಲ್ಲದಿದ್ದರೆ ಇಲ್ಲ ಎನ್ನಬಹುದಿತ್ತಲ್ಲ. 'ಉತ್ತರಿಸಲು ನಿರಾಕರಿಸಿದರು' ಎಂದು ಬರೆದು ಕಳಿಸಿದೆ. 'ಸಲ್ಲಿಸಲಾಗಿದೆ.' ನೆಲ ಒರೆಸಿದ್ದು ನಾನೇ.

ಫೆಬ್ರವರಿ 20, ಮಂಗಳವಾರ

ವಿಜ್ಞಾನ! ಒದ್ದೆ ಟವೆಲ್ಲಿನ ತೂಕ ಅರ್ಧ ಗಂಟೆಗೊಮ್ಮೆ ನೋಡಬೇಕು, ನೆರಳಿನಲ್ಲೊಂದು, ಬಿಸಿಲಿನಲ್ಲೊಂದು, ಫ್ಯಾನಿನ ಕೆಳಗೊಂದು. ಮಧ್ಯಾಹ್ನ ನನಗೆ ಪಾಳಿ ಇತ್ತು. ಅಮ್ಮ ತಕ್ಕಡಿ ಮುಂದೆ ಗಡಿಯಾರ ಇಟ್ಟುಕೊಂಡು ಕಾವಲು ಕೂತಳು. ಅರ್ಧ ಗಂಟೆ ಎಂದರೆ ಅವಳಿಗೆ ಅರ್ಧ ಗಂಟೆಯೇ. ನೆರೆಮನೆಯಾಕೆ ಮಾತಾಡಿಸಲು ಬಂದರೆ, "ಪ್ರಯೋಗ ನಡೀತಿದೆ, ಆಮೇಲೆ ಬಾ," ಎಂದು ಬಾಗಿಲು ಹಾಕಿದಳಂತೆ.

ಫ್ಯಾನಿನ ಟವೆಲ್ಲು ಬಿಸಿಲಿನದ್ದನ್ನು ಸೋಲಿಸಿತು! ಯಾಕೆ ಎಂದು ಒಂದೂವರೆ ಪುಟ ಬರೆದೆ. ಅರ್ಧ ಪುಟ ಸಾಕು ಎಂದಿದ್ದರು.

ಫೆಬ್ರವರಿ 23, ಶುಕ್ರವಾರ

ವಾರದ ಭೇಟಿಯಲ್ಲಿ ಮೇಡಂ, "ನಿಮ್ಮ ಭಿನ್ನರಾಶಿ ಕೆಲಸ ನನಗೆ ಕಾಣಿಸ್ಲೇ ಇಲ್ಲ," ಅಂದರು. ಕಳಿಸಿ ಇಪ್ಪತ್ತು ದಿನ ಆಯ್ತಲ್ಲ ಮೇಡಂ ಎಂದೆ. "ಹಾಗಾದ್ರೆ ನೆಟ್‌ವರ್ಕ್ ಇರ್ಬೇಕು, ಬರುತ್ತೆ ಬಿಡಿ." ಬಂದೇ ಬರುತ್ತದೆ. ಇತಿಹಾಸದ ಪಾಠ ಎರಡು ಮುಂದಕ್ಕೆ ಓದಿಬಿಟ್ಟಿದ್ದೇನೆ, ಯಾರೂ ಹೇಳಿರಲಿಲ್ಲ.

ಮಾರ್ಚ್ 4, ಸೋಮವಾರ

ಅಮ್ಮನ ಫೋನಿಗೆ ಪತ್ರ ಬಂದಿದೆ.

'ಪ್ರಿಯ ಪೋಷಕರೇ, ನಿಮ್ಮ ಮಗುವಿನ ಮೂರು ಕೆಲಸಗಳು ಮಾನ್ಯವಾಗಿಲ್ಲ. ಸ್ವತಂತ್ರ ಅಧ್ಯಯನದಲ್ಲಿ ಮುಂದುವರಿಸುವುದು ಮಗುವಿನ ಹಿತಕ್ಕೆ ತಕ್ಕುದೇ ಎಂದು ನಿರ್ಧರಿಸಲು ಮಾರ್ಚ್ 12ರಂದು ಸಭೆ ಕರೆಯಲಾಗಿದೆ.'

ಮೂರೂ ಕಳಿಸಿದ್ದೇನೆ! ಮೂರಕ್ಕೂ 'ಸಲ್ಲಿಸಲಾಗಿದೆ' ಎಂದಿತ್ತು! ಮೇಡಂಗೆ ಫೋನ್ ಮಾಡಿದೆ. ಅವರು ಎಲ್ಲೆಲ್ಲೋ ಹುಡುಕಿ, ಎರಡು ಲೋಟ ನೀರು ಕುಡಿದು ಹೇಳಿದರು: "ಯಂತ್ರವೇ ಬದಿಗಿಟ್ಟಿದೆ. ನನ್ನವರೆಗೆ ಬಂದೇ ಇಲ್ಲ. ಪೋಷಕರ ದೃಢೀಕರಣ 'ಇಲ್ಲ' ಅಂತಿದೆ. ಮೂರಕ್ಕೂ."

ತಿರುಗಿ ನೋಡಿದೆ. ಪೋಷಕರು ಸೊಪ್ಪು ಬಿಡಿಸುತ್ತಿದ್ದರು.

ಮಾರ್ಚ್ 5, ಮಂಗಳವಾರ

ನಿನ್ನೆ ಮಿಕ್ಕದ್ದನ್ನು ಬರೆಯಲಾಗಲಿಲ್ಲ, ಅಷ್ಟು ಕೂಗಾಡಿದೆ. ಆದದ್ದು ಇಷ್ಟು. ನಾನು ಕೆಲಸ ಕಳಿಸಿದಾಗಲೆಲ್ಲ ಅಮ್ಮನ ಫೋನಿಗೆ ಒಂದು ಪ್ರಶ್ನೆ ಹೋಗುತ್ತದೆ: 'ಈ ಕೆಲಸವನ್ನು ನಿಮ್ಮ ಮಗು ಯಾರ ಸಹಾಯವೂ ಇಲ್ಲದೆ ಮಾಡಿದೆಯೇ?' ಕೆಳಗೆ 'ಹೌದು', 'ಇಲ್ಲ'. ಬೇರೆ ಕೆಲಸಗಳಿಗೆಲ್ಲ ಹೌದು ಒತ್ತಿದ್ದಾಳೆ. ಈ ಮೂರಕ್ಕೆ ಮಾತ್ರ ಇಲ್ಲ.

"ಶೀಟು ಹಿಡಿದವಳು ನಾನಲ್ವಾ? ಮಾತು ಹೇಳಿದವಳು ನಾನಲ್ವಾ? ಗಡಿಯಾರ ನೋಡಿದವಳು?"

"ಅದು ಸಹಾಯ ಅಲ್ಲಮ್ಮಾ!"

"ಮತ್ತೇನದು? ಅಷ್ಟು ಹೊತ್ತು ನಿಂತಿದ್ದೆ, ಸೊಂಟ ನೋವು ಬಂತು."

"ಹೌದು ಅಂತ ಒತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಒಂದ್ಸಲ ಬಿಡ್ಸಿದ್ದು ಸಾಲ್ದಾ ನಿಂಗೆ?"

ಅಂದುಬಿಟ್ಟೆ. ಮೂವತ್ತಮೂರು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಸೊಪ್ಪಿನ ತಟ್ಟೆಯ ಮುಂದೆ ಆಚೆ ಬಂತು. ಅಮ್ಮ ಬಿಡಿಸಿದ ಸೊಪ್ಪನ್ನೇ ಮತ್ತೆ ಬಿಡಿಸಿದಳು.

ಇವತ್ತು ಇಬ್ಬರೂ ಮಾತಾಡಿಲ್ಲ. ಲಾಂಡ್ರಿಗೆ ಹೋಗಿ ಕೆಲಸ ಮಾಡಿದೆ. ಉಸ್ತುವಾರಿ ಕುರ್ಚಿ ಹೋದರೆ ಹೋಗಲಿ ಎಂದುಕೊಂಡರೂ ಇತಿಹಾಸದ ಆ ಮುಂದಿನ ಪಾಠ ಏನಾಗುತ್ತದೋ ಎಂದು ಸಂಕಟವಾಗುತ್ತಿದೆ. ಹೆಸರು ತೆಗೆದರೆ ಟ್ಯಾಬ್ ವಾಪಸು ಕೊಡಬೇಕು.

ಮಾರ್ಚ್ 9, ಶನಿವಾರ

ಅಮ್ಮ ಒಪ್ಪಂದ ಪತ್ರ ಮತ್ತೆ ಓದುತ್ತಿದ್ದಾಳೆ. ಮೊದಲಿನಿಂದ.

ಮಾರ್ಚ್ 12, ಮಂಗಳವಾರ

ಎಲ್ಲಿಂದ ಶುರು ಮಾಡಲಿ!

ಸಭೆ ಹೆಡ್‌ಮಾಸ್ಟರ ಕೋಣೆಯಲ್ಲಿ. ಮೇಡಂರನ್ನು ಮೊದಲ ಸಲ ಪೂರ್ತಿ ನೋಡಿದೆ. ಇಷ್ಟು ದಿನ ಹೆಗಲವರೆಗೆ ಮಾತ್ರ ಕಂಡಿದ್ದವರು ನನಗಿಂತ ಒಂದು ಗೇಣು ಎತ್ತರ! ಹೆಡ್‌ಮಾಸ್ಟರು ದಪ್ಪ ಮೀಸೆಯ, ಮೆಲು ದನಿಯ ಮನುಷ್ಯ. ಎದುರಿಗೆ ಕಂಪ್ಯೂಟರ್. ಅಮ್ಮ ಅದೇ ಇಸ್ತ್ರಿ ಸೀರೆ ಉಟ್ಟು, ದೊಡ್ಡ ಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏನಿದು ಎಂದು ಬಸ್ಸಿನಲ್ಲಿ ಕೇಳಿದ್ದಕ್ಕೆ "ಸಾಕ್ಷಿ" ಎಂದಿದ್ದಳು. ಒಂದು ವಾರದಲ್ಲಿ ಅವಳು ನನ್ನ ಜೊತೆ ಆಡಿದ ಮೊದಲ ಮಾತು.

"ನೋಡಿಮ್ಮಾ," ಎಂದು ಹೆಡ್‌ಮಾಸ್ಟರು ಅಮ್ಮನಿಗೆ ಮೆಲ್ಲಗೆ ಹೇಳಿದರು, "ಈಗ್ಲೂ ನೀವು 'ತಪ್ಪಿ ಒತ್ತಿದೆ' ಅಂತ ಒಂದು ಮಾತು ಬರ್ಕೊಟ್ರೆ ಇಲ್ಲಿಗೇ ಮುಗೀತು."

ನಾನು ಅಮ್ಮನ ಮೊಣಕೈ ತಿವಿದೆ. ಬರೆದುಕೊಡು, ಬರೆದುಕೊಡು.

"ತಪ್ಪಿ ಒತ್ತಿಲ್ಲ ಸಾರ್. ತಿಳಿದೇ ಒತ್ತಿದೆ," ಅಂದಳು ಅಮ್ಮ. "ಪುಟ ಒಂಬತ್ರಲ್ಲಿ ಪೋಷಕರು ಬೆಂಬಲ ಕೊಡತಕ್ಕದ್ದು ಅಂತಿದೆ. ಕೊಟ್ಟೆ. ಫೋನಲ್ಲಿ ಸಹಾಯ ಮಾಡಿದ್ದೀರಾ ಅಂತ ಕೇಳ್ತು. ಮಾಡಿದೆ ಅಂದೆ. ಎರಡೂ ನಿಮ್ದೇ ನಿಯಮ, ಎರಡೂ ಪಾಲಿಸಿದ್ದೀನಿ. ತಪ್ಪು ಎಲ್ಲಿದೆ ಹೇಳಿ."

ಹೆಡ್‌ಮಾಸ್ಟರು ಮೇಡಂ ಕಡೆ ನೋಡಿದರು. ಮೇಡಂ ನೀರಿನ ಬಾಟಲಿ ಕಡೆ ನೋಡಿದರು. "ಪುಟ ಒಂಬತ್ರಲ್ಲಿ ಹಾಗಿದ್ಯಾ?" ಎಂದು ಹೆಡ್‌ಮಾಸ್ಟರು ತಮ್ಮ ಪ್ರತಿ ತಿರುವಿದರು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಯಾರೂ ತೆರೆದಂತಿರಲಿಲ್ಲ.

"ಪುಟ ಹನ್ನೊಂದನ್ನೂ ನೋಡಿ ಸಾರ್," ಅಂದಳು ಅಮ್ಮ. "ಸಭೆಯವರು ಕೆಲಸಗಳನ್ನ ತಾವೇ ಪರೀಕ್ಷಿಸಿ ಮಾನ್ಯ ಮಾಡಬಹುದು, ಅಂತಿದೆ."

ಇತ್ತು! ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿಕೊಂಡು, ಹಾಗಾದರೆ ಪರೀಕ್ಷಿಸೋಣ ಎಂದರು. ಟವೆಲ್ಲಿನ ಬಗ್ಗೆ ಮೇಡಂ ಕೇಳಿದರು. ಫ್ಯಾನಿನ ಗಾಳಿ ಟವೆಲ್ಲಿನ ಸುತ್ತಲಿನ ಹಸಿಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ ಎಂದು ನಾನು ಶುರು ಮಾಡಿ, ಲಾಂಡ್ರಿಯ ಒಣಗಿಸುವ ಯಂತ್ರದವರೆಗೆ ಹೋದೆ. ಸಾಕು ಸಾಕು ಎಂದರು. ಒಂದು ಪಾಸು.

ಹೆಡ್‌ಮಾಸ್ಟರು ಸಂದರ್ಶನದ ಹಾಳೆ ತೆಗೆದರು. "ಚೆನ್ನಾಗಿದೆ. ಆದ್ರೆ ಹತ್ತನೇದಕ್ಕೆ ಉತ್ತರ ಇಲ್ಲ. ಅಪೂರ್ಣವಾದದ್ದನ್ನ ಮಾನ್ಯ ಮಾಡೋಕಾಗಲ್ಲ."

ನಾನು ತಲೆ ತಗ್ಗಿಸಿದೆ. ಮುಗಿಯಿತು ಎಂದುಕೊಂಡೆ.

"ಪೆನ್ನು ತಗೋ," ಅಂದಳು ಅಮ್ಮ ನನಗೆ. ದನಿ ಗಟ್ಟಿಯಾಗಿತ್ತು. "ಬರ್ಕೋ. ಇವಳನ್ನ ಶಾಲೆ ಬಿಡಿಸಿದ್ದು. ಒಂದು ವಾರ ಅಂತ ಕರ್ಕೊಂಡು ಹೋದೆ ಸಾರ್, ಇನ್ನೊಬ್ಬಳು ಸಿಗೋವರೆಗೆ. ವಾರ ಮುಗೀಲೇ ಇಲ್ಲ. ಇವಳ ಮೇಷ್ಟ್ರು ಎರಡು ಸಲ ಹುಡುಕ್ಕೊಂಡು ಬಂದ್ರು. ಇವಳು ಊರಲ್ಲಿಲ್ಲ ಅಂದೆ. ಇವಳು ಅಲ್ಲೇ ಇದ್ಳು, ಒಣಗ್ತಿದ್ದ ಶೀಟಿನ ಆ ಕಡೆ ನಿಂತು ಕೇಳ್ತಿದ್ಳು. ಕೆಳಗಡೆ ಕಾಲು ಕಾಣಿಸ್ತಿತ್ತು. ಮೇಷ್ಟ್ರಿಗೂ ಕಾಣಿಸಿರ್ಬೇಕು. ಅವತ್ತು ಒಂದು ಸುಳ್ಳು ಹೇಳಿದೆ. ಇವಳ ಓದಿನ ವಿಷಯದಲ್ಲಿ ಇನ್ನೊಂದು ಸುಳ್ಳು ನನ್ನ ಕೈಲಿ ಆಗಲ್ಲ ಸಾರ್. ಗುಂಡಿ ಒತ್ತೋದಾದ್ರೂ ಅಷ್ಟೇ."

ನಾನು ಬರೆದುಕೊಂಡೆ. ಅಕ್ಷರ ಬಿಟ್ಟುಹೋದವು, ಕಣ್ಣು ಮಂಜಾಗಿತ್ತು. ಶೀಟಿನ ಆ ಕಡೆ ನಿಂತಿದ್ದು ನನಗೆ ನೆನಪಿದೆ. ಒದ್ದೆ ಬಟ್ಟೆಯ ವಾಸನೆ ನೆನಪಿದೆ. ಅವಳಿಗೂ ನೆನಪಿದೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತು ಪ್ರಶ್ನೆ, ಹತ್ತು ಉತ್ತರ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಎರಡು ಪಾಸು.

"ಇನ್ನು ಭಿನ್ನರಾಶಿ," ಎಂದು ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಈಗ ಶೀಟು ಎಲ್ಲಿಂದ ತರೋಣ?"

ಅಮ್ಮ ಚೀಲದ ಬಾಯಿ ಬಿಚ್ಚಿದಳು. ನಮ್ಮ ಮಂಚದ ಶೀಟು!

"ನಾನು ಹಿಡಿಯಲ್ಲ," ಎಂದು ಕೈಕಟ್ಟಿ ಕೂತಳು. "ಆಮೇಲೆ ಸಹಾಯ ಅಂತೀರಿ. ನೀವೇ ಹಿಡೀರಿ."

ಹೆಡ್‌ಮಾಸ್ಟರು ಎದ್ದರು! ಮೇಜು ಗೋಡೆಗೆ ಸರಿಯಿತು. ಅವರು ಒಂದು ತುದಿ, ನಾನು ಒಂದು ತುದಿ. ಪಾಪ, ಶೀಟು ಹಿಡಿಯಲು ಬರುವುದಿಲ್ಲ, ಮಧ್ಯಕ್ಕೆ ಹಿಡಿದಿದ್ದರು. "ಮೂಲೆ ಸಾರ್, ಮೂಲೆ ಹಿಡೀರಿ. ಬಿಗಿಯಾಗಿ. ಈಗ ನನ್ನ ಕಡೆ ಬನ್ನಿ. ಕೊಡಿ. ಅರ್ಧ. ಈಗ ಮಡಿಕೆ ಹಿಡ್ಕೊಂಡು ಹಿಂದಕ್ಕೆ ಹೋಗಿ. ಅರ್ಧದ ಅರ್ಧ. ಎಷ್ಟು ಸಾರ್?"

"ಕಾಲು," ಅಂದರು ಹೆಡ್‌ಮಾಸ್ಟರು, ಪಾಠ ಒಪ್ಪಿಸುವ ದನಿಯಲ್ಲಿ.

"ಗುಣಿಸಿದ್ರೆ ಯಾಕೆ ಕಡಿಮೆ ಆಯ್ತು ಹೇಳಿ?"

ಅವರು ಮಡಿಕೆಯನ್ನು ತಿರುಗಿಸಿ ನೋಡಿದರು. ನಾನು ಹೇಳಿಕೊಟ್ಟೆ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ! ಅವರು ಬರುವುದು, ಹೋಗುವುದು, ಬರುವುದು, ಹೋಗುವುದು, ಮೀಸೆಯಡಿ ನಗು. ಮೂರನೇ ಮಡಿಕೆಗೆ ಗುಮಾಸ್ತೆ ಬಾಗಿಲಲ್ಲಿ ಇಣುಕಿದಳು, ಐದನೆಯದಕ್ಕೆ ಹಿಂದೆ ಇನ್ನೂ ನಾಲ್ಕು ತಲೆ ಇದ್ದವು. ಮೂವತ್ತೆರಡನೇ ಒಂದು!

ಹೆಡ್‌ಮಾಸ್ಟರು ಏದುಸಿರು ಬಿಡುತ್ತ ಕಂಪ್ಯೂಟರ್ ಮುಂದೆ ಕೂತು ಮಾನ್ಯ ಮಾಡಲು ಹೋದರು. ಪರದೆಯ ಮೇಲೆ ಪ್ರಶ್ನೆ ಬಂತು. ಅದೇ ಪ್ರಶ್ನೆ: 'ಈ ಕೆಲಸವನ್ನು ವಿದ್ಯಾರ್ಥಿ ಯಾರ ಸಹಾಯವೂ ಇಲ್ಲದೆ ಮಾಡಿದ್ದಾರೆಯೇ?'

ಅವರ ಬೆರಳು ಹಾಗೇ ನಿಂತಿತು.

"ಒತ್ತಿ ಸಾರ್," ಅಂದಳು ಅಮ್ಮ. "ಏನು ಒತ್ತುತ್ತೀರೋ ನೋಡ್ತೀನಿ."

ಮೇಡಂ ಮೊದಲು ನಕ್ಕರು. ಆಮೇಲೆ ಗುಮಾಸ್ತೆ. ಆಮೇಲೆ ಬಾಗಿಲಲ್ಲಿದ್ದವರೆಲ್ಲ. ಹೆಡ್‌ಮಾಸ್ಟರು ಕೊನೆಗೆ ಬೆರಳು ತೆಗೆದು, ತಲೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕು ಮುಗಿಸಿ ಒಂದು ಬಿಳಿ ಹಾಳೆ ಎಳೆದುಕೊಂಡು ಪೆನ್ನಿನಿಂದ ಬರೆದರು: 'ಇನ್ನೊಂದು ತುದಿ ಹಿಡಿದವರು ಕೆಲಸ ಮಾಡಿಕೊಟ್ಟಂತಲ್ಲ. ಮೂರೂ ಕೆಲಸಗಳು ಮಾನ್ಯ. ಪ್ರಶ್ನೆಯನ್ನು ತಿದ್ದಲು ಮೇಲಿನವರಿಗೆ ಬರೆಯಲಾಗುವುದು.' ಸಹಿ, ಮೊಹರು.

ಬಸ್ಸಿನಲ್ಲಿ ಬರುವಾಗ ಅಮ್ಮ ಚೀಲ ನನ್ನ ತೊಡೆಯ ಮೇಲಿಟ್ಟಳು. "ಅವರು ಮೂಲೆ ಸರಿಯಾಗಿ ಸೇರಿಸ್ಲಿಲ್ಲ. ಮನೆಗೆ ಹೋಗಿ ಬಿಚ್ಚಿ ಮಡಚ್ಬೇಕು," ಅಂದಳು.

ಮಡಚಿದೆವು.

ಏಪ್ರಿಲ್ 27, ಶನಿವಾರ

ಪರೀಕ್ಷೆಗೆ ಇನ್ನು ಹತ್ತು ದಿನ. ಅಮ್ಮ ಪ್ರಶ್ನೆ ಕೇಳುತ್ತಾಳೆ, ನಾನು ಉತ್ತರ ಹೇಳುತ್ತೇನೆ. ತಪ್ಪಾದರೆ ರಿಮೋಟ್ ಅಕ್ಕಿ ಡಬ್ಬಿಗೆ ಹೋಗುತ್ತದೆ. ಟಿವಿಯಲ್ಲಿ ಏನು ಬರುತ್ತಿದೆ ಎಂದೇ ಮರೆತಿದ್ದೇನೆ.

ಜೂನ್ 10, ಸೋಮವಾರ

ಪಾಸು! ಗಣಿತದಲ್ಲಿ ಎಂಬತ್ತೊಂದು! ಎಂಬತ್ತೊಂದು!! ದೊಡ್ಡಣ್ಣ ಉಸ್ತುವಾರಿ ಕೋಣೆಯ ಬೀಗದ ಕೈ ಇವತ್ತೇ ಕೊಟ್ಟರು, "ಸಹಿ ಮಾಡೋದನ್ನ ನಾನು ಹೇಳ್ಕೊಡ್ತೀನಿ, ಮಿಕ್ಕಿದ್ದು ನೀನೇ ಹೇಳ್ಕೊಟ್ಟಿದ್ದೀಯಲ್ಲ," ಎಂದರು. ಅಮ್ಮನಿಗೆ ಸಂದೇಶ ಬಂದಿತ್ತು: 'ಪ್ರಿಯ ಪೋಷಕರೇ, ನಿಮ್ಮ ಮಗು ಉತ್ತೀರ್ಣವಾಗಿದೆ.' ಅದನ್ನು ನೆರೆಮನೆಗೆ ಹೋಗಿ ಓದಿ, ಮೇಲಿನ ಮನೆಗೆ ಹೋಗಿ ಓದಿ ಬಂದಳು.

ಅಂಕಪಟ್ಟಿ ತರಲು ಮಧ್ಯಾಹ್ನ ಶಾಲೆಗೆ ಹೋಗಿದ್ದೆ. ಹೋದವಳು ಸುಮ್ಮನೆ ಬರಲಿಲ್ಲ, ಹನ್ನೊಂದನೇ ತರಗತಿಯ ಅರ್ಜಿ ತೆರೆಸಿದೆ. ಉಸ್ತುವಾರಿಗೆ ಅದು ಬೇಕಾಗಿಲ್ಲ. ಇತಿಹಾಸ ಅರ್ಧಕ್ಕೆ ನಿಂತಿದೆ, ಅಷ್ಟೇ ಕಾರಣ.

ಪೋಷಕರ ಕಾಲಂ ಬಂತು. ಕೆಂಪು ನಕ್ಷತ್ರ ಇರಲಿಲ್ಲ. ಪಕ್ಕದಲ್ಲಿ ಹೊಸದಾಗಿ ಒಂದು ಸಾಲು ಸೇರಿಸಿದ್ದರು: 'ಹದಿನೆಂಟು ವರ್ಷ ಮೀರಿದವರು ಖಾಲಿ ಬಿಡಬಹುದು.'

"ನಿಮ್ಮ ಗಲಾಟೆಯಿಂದ್ಲೇ ಆಗಿದ್ದು ಮೇಡಂ," ಅಂದಳು ಗುಮಾಸ್ತೆ. "ಈಗ ಆರಾಮಾಗಿ ಬಿಟ್ಟು ಮುಂದಕ್ಕೆ ಹೋಗಬಹುದು."

ಬಿಡಲು ಹೋದೆ. ಖಾಲಿ ಕಾಲಂ ಯಾಕೋ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ತಾಯಿ ಎಂದು ಒತ್ತಿ, ಹೆಸರು ತುಂಬಿ, ಫೋನ್ ನಂಬರನ್ನೂ ಹಾಕಿದೆ. ಎಲ್ಲವನ್ನೂ ನೀಟಾಗಿ ತುಂಬುವುದು ನನ್ನ ಅಭ್ಯಾಸ, ಲಾಂಡ್ರಿಯಲ್ಲೂ ಹಾಗೇ.

ಬಸ್ಸು ಹತ್ತು ಮಾರು ಹೋಗಿರಲಿಲ್ಲ, ಅಮ್ಮನ ಫೋನು ಬಂತು.

"ಏನೋ ಒಪ್ಪಂದ ಬಂದಿದೆ ಕಣೇ, ಹೊಸದು. ಹತ್ತೊಂಬತ್ತು ಪುಟ ಇದೆ."

"ಹೂಂ ಅಮ್ಮಾ. ಸಹಿ ಹಾಕ್ತೀಯಾ?"

"ಇರು," ಅಂದಳು. "ಮೊದ್ಲು ಓದ್ತೀನಿ."